ಆಗೊಮ್ಮೆ ಈಗೊಮ್ಮೆ ಕೈಕೊಡುವ ಪಿಕಪ್: ವಿದ್ಯುತ್ ದೋಷವನ್ನು ಪತ್ತೆ ಹಚ್ಚುವುದು ಹೇಗೆ?



ತೋಟದ ಕೆಲಸಕ್ಕೆ ಡೀಸೆಲ್ ಪಿಕಪ್ ಈಗ ಎತ್ತು–ಗಾಡಿಯಷ್ಟೇ ಅಗತ್ಯವಾಗಿದೆ. ಕಾಫಿ ಹಣ್ಣು ಪಲ್ಪರ್ ಮನೆಗೆ ಅದೇ ದಿನ ಸೇರಬೇಕು. ಹಸಿ ಅಡಿಕೆ ಕೊನೆ ಸುಲಿಯುವ ಚಪ್ಪರಕ್ಕೆ ಬರಬೇಕು. ಗೊಬ್ಬರ, ಸುಣ್ಣ, ಮೈಲುತುತ್ತು ಎಲ್ಲವೂ ಅದರಲ್ಲೇ ಬರಬೇಕು. ಇಂತಹ ವಾಹನ ಪೂರ್ತಿ ಕೆಟ್ಟು ನಿಂತರೆ ಅಷ್ಟು ಚಿಂತೆಯಿಲ್ಲ. ಮೇಸ್ತ್ರಿ ಬಂದು ನೋಡುತ್ತಾನೆ, ಕೆಟ್ಟದ್ದನ್ನು ಬದಲಿಸುತ್ತಾನೆ. ಆದರೆ ಒಂದು ದಿನ ನಿಂತು, ಹತ್ತು ನಿಮಿಷದಲ್ಲಿ ತಾನೇ ಹೊರಟು, ಮೇಸ್ತ್ರಿಯ ಮುಂದೆ ಸಾಧುವಿನಂತೆ ನಡೆದು, ಮರುದಿನ ಪುನಃ ಘಟ್ಟದ ತಿರುವಿನಲ್ಲಿ ನಿಲ್ಲುವ ವಾಹನವಿದೆಯಲ್ಲ, ಅದು ಬಹಳ ಕಷ್ಟ. ಇಂತಹ ದೋಷಕ್ಕೆ ನಾವು ಸಾಮಾನ್ಯವಾಗಿ ಕೊಡುವ ಬೆಲೆ ಎಂದರೆ ಒಂದರ ಮೇಲೊಂದು ಹೊಸ ಬಿಡಿಭಾಗಗಳು. ಅದನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬಾಗಲಕೋಟೆಯ ದಾರಿಯಲ್ಲಿ ಕಲಿತ ಪಾಠ

ನಮ್ಮಲ್ಲಿ ಹಲವರ ತೋಟಗಳಿಗೆ ಕಾಫಿ ಕೊಯ್ಲಿನ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕುಟುಂಬಗಳು ಬರುತ್ತವೆ. ನಮ್ಮ ತೋಟಕ್ಕೆ ಬರುವವರು ಹುನಗುಂದ ಕಡೆಯ ಹಳ್ಳಿಯವರು. ಈಚೆಗೆ ಒಂದು ವರ್ಷ ಕೊಯ್ಲು ಬೇಗ ಮುಗಿದು, ಬನದ ಹುಣ್ಣಿಮೆಗೆ ಮುಂಚೆ ಊರು ಸೇರಬೇಕೆಂದು ಅವರು ಕೇಳಿಕೊಂಡರು. ಸರಕು ವಾಹನದಲ್ಲಿ ಜನರನ್ನು ಹೇರುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಆದುದರಿಂದ ಅವರನ್ನು ಬಸ್ಸಿಗೆ ಹತ್ತಿಸಿ, ಪಾತ್ರೆ–ಪಡಗ, ಹಾಸಿಗೆ, ಕೂಲಿಯಲ್ಲಿ ಉಳಿಸಿ ಕೊಂಡ ಅಕ್ಕಿ ಮೂಟೆ, ಸಾಮಾನುಗಳನ್ನು ಮಾತ್ರ ಪಿಕಪ್ಪಿಗೆ ಹೇರಿ ಹೊರಟೆವು. ಬರುವಾಗ ಬನಶಂಕರಿ ಜಾತ್ರೆಯಿಂದ ಒಂದು ಬಾಗಿಲು ಚೌಕಟ್ಟು ತರುವ ಆಸೆಯೂ ಇತ್ತು. ಮರದ ಬಾಗಿಲು ಚೌಕಟ್ಟುಗಳ ಮಾರಾಟಕ್ಕೆ ಆ ಜಾತ್ರೆ ಹೆಸರಾದದ್ದು.

ಪಿಕಪ್ ಅದಾಗಲೇ ಮೂರು ತಿಂಗಳಿನಿಂದ ಆಗಾಗ ಸತಾಯಿಸುತ್ತಿತ್ತು. ನಮ್ಮ ಪೇಟೆಯ ಒಂದು ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ ಬದಲಾಯಿಸಿದರು. ಎರಡು ವಾರ ಬಿಟ್ಟು ಆಲ್ಟರ್ನೇಟರ್, ಅಂದರೆ ನಾವೆಲ್ಲ ಡೈನಮೋ ಎನ್ನುವುದನ್ನು ಬದಲಾಯಿಸಿದರು. ದೋಷ ಹೋಯಿತೆಂದುಕೊಂಡಿದ್ದೆವು. ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ ದಾಟಿ ಇಳಕಲ್ ಬಿಟ್ಟ ಮೇಲೆ, ಹುನಗುಂದ ಇನ್ನೂ ಕಾಣುವ ಮೊದಲೇ, ಬೆಳಗಿನ ಜಾವದ ಕತ್ತಲಲ್ಲಿ ಹೆಡ್‌ಲೈಟು, ಡ್ಯಾಶ್‌ಬೋರ್ಡು, ಎಂಜಿನ್ನು ಎಲ್ಲ ಒಟ್ಟಿಗೆ ಸತ್ತವು. ಹಿಂದೆ ಗ್ರಾನೈಟ್ ಲಾರಿ ಬರುತ್ತಿತ್ತು. ವಾಹನವನ್ನು ಹೇಗೋ ಅಂಚಿಗೆ ಹಾಕಿದ್ದಾಯಿತು. ಬಸ್ಸಿನಲ್ಲಿ ಮೊದಲೇ ತಲುಪಿದ್ದವರು ಊರ ಅಗಸೆಯಲ್ಲಿ ಸಾಮಾನಿಗಾಗಿ ಕಾಯುತ್ತಿದ್ದರು. ಕಾಲು ಗಂಟೆಯ ಮೇಲೆ ಏನೂ ಆಗದಂತೆ ಎಂಜಿನ್ ಹೊರಟಿತು. ಸಾಮಾನು ಇಳಿಸಿ, ಹುನಗುಂದದಿಂದ ಬಾಗಲಕೋಟೆಗೆ ಬರುವಾಗ ಅಮೀನಗಡದ ಬಳಿ ಪುನಃ ಅದೇ ಕಥೆ.

ಬಾಗಲಕೋಟೆಯಲ್ಲಿ ಲಾರಿ, ಕಬ್ಬಿನ ಟ್ರಾಕ್ಟರುಗಳ ವೈರಿಂಗ್ ನೋಡುವ ಒಬ್ಬ ಹಿರಿಯ ಮಿಸ್ತ್ರಿ ಸಿಕ್ಕರು. ಅವರು ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಪ್ರಶ್ನೆಗಳನ್ನೇ ಕೇಳಿದರು.

“ಗಾಡಿ ನಿಂತಾಗ ಹಾರನ್ ಬಡೀತಿತ್ತೇನ್ರಿ?”

“ಇಲ್ಲ.”

“ಕೀ ತಿರುವಿದ್ರ ಸೆಲ್ಫ್ ಟಕ್ ಅಂತಿತ್ತೇನು?”

“ಅದೂ ಇಲ್ಲ.”

“ಇಂಡಿಕೇಟರ್ ಹಾಕಿದ್ರ ಬ್ಯಾರೆ ದೀಪ ಸಣ್ಣಗ ಮಿಣುಕತಿದ್ವೇನು?”

ಹೌದು, ಆ ಸಂಗತಿಯನ್ನು ನೋಡಿದ್ದೆವು, ಆದರೆ ಯಾರಿಗೂ ಹೇಳಿರಲಿಲ್ಲ. ಮಿಸ್ತ್ರಿ ನಕ್ಕು, “ಹಂಗಾದ್ರ ಬ್ಯಾಟರಿದು ತಪ್ಪಲ್ಲ ಬಿಡ್ರಿ. ಕರೆಂಟ್ ಬರೂ ದಾರಿ ಛಲೋ ಐತಿ, ಹೊಳ್ಳಿ ಹೋಗೂ ದಾರಿ ಕೆಟ್ಟೈತಿ” ಎಂದರು. ಅರ್ಧ ಗಂಟೆಯಲ್ಲಿ ದೋಷ ಸಿಕ್ಕಿತು. ಅದೇನೆಂದು ಮುಂದೆ ಹೇಳುತ್ತೇನೆ. ಮೊದಲು ಅವರು ಅನುಸರಿಸಿದ ಕ್ರಮದ ಹಿಂದಿನ ತತ್ವವನ್ನು ತಿಳಿಯೋಣ.

ಹೋಗುವ ದಾರಿ, ಮರಳುವ ದಾರಿ

ಮನೆಯ ದೀಪಕ್ಕೆ ಎರಡು ತಂತಿಗಳಿರುತ್ತವೆ. ವಾಹನದಲ್ಲಿ ಹೆಚ್ಚಿನ ಉಪಕರಣಗಳಿಗೆ ಬ್ಯಾಟರಿಯ ಪ್ಲಸ್ ಕಡೆಯಿಂದ ಒಂದೇ ತಂತಿ ಹೋಗುತ್ತದೆ. ಕೆಲಸ ಮಾಡಿದ ವಿದ್ಯುತ್ತು ವಾಹನದ ಕಬ್ಬಿಣದ ಮೈ, ಚಾಸಿ ಮತ್ತು ಎಂಜಿನ್ನಿನ ಮೂಲಕ ಬ್ಯಾಟರಿಯ ಮೈನಸ್ ತುದಿಗೆ ಮರಳುತ್ತದೆ. ಇದಕ್ಕೇ ಮೇಸ್ತ್ರಿಗಳು ಬಾಡಿ ಅರ್ತ್ ಎನ್ನುವುದು. ಎಂಜಿನ್ನು ರಬ್ಬರ್ ಬುಷ್‌ಗಳ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಪ್ರತ್ಯೇಕವಾಗಿ ಹೆಣೆದ ತಾಮ್ರದ ಪಟ್ಟಿ ಅಥವಾ ದಪ್ಪ ಕೇಬಲ್ ಕೊಟ್ಟಿರುತ್ತಾರೆ. ಈ ಪಟ್ಟಿಯ ಬೋಲ್ಟಿನ ಬುಡದಲ್ಲಿ ತುಕ್ಕು ಅಥವಾ ಕಿಲುಬು ಕೂತರೆ ಪ್ಲಸ್ ಕಡೆ ಎಲ್ಲ ಸರಿಯಿದ್ದರೂ ವಿದ್ಯುತ್ತು ಮರಳಲಾರದು. ಆಗ ಅದು ಅಡ್ಡದಾರಿ ಹುಡುಕುತ್ತದೆ. ಇಂಡಿಕೇಟರಿನ ವಿದ್ಯುತ್ತು ಪಕ್ಕದ ದೀಪದೊಳಗೆ ನುಗ್ಗಿ ಮಿಣುಕಿಸುವುದು, ಬ್ರೇಕ್ ಒತ್ತಿದರೆ ಪಾರ್ಕಿಂಗ್ ದೀಪ ಮಂಕಾಗುವುದು, ಇವು ಅದರ ಗುರುತುಗಳು. ಸೆಲ್ಫ್ ಮೋಟಾರಿನ ಭಾರಿ ವಿದ್ಯುತ್ತಿಗೆ ದಾರಿ ಕೆಟ್ಟಿದ್ದರೆ ಅದು ಆಕ್ಸಿಲರೇಟರ್ ಕೇಬಲ್ಲಿನ ಮೂಲಕವೂ ಹರಿದು ಆ ಕೇಬಲನ್ನು ಸುಡುವಷ್ಟು ಬಿಸಿ ಮಾಡಬಲ್ಲದು.

ಈಗ ಮುಖ್ಯವಾದ ಒಂದು ಮಾತು. ಸ್ಪ್ರಿಂಕ್ಲರ್ ಇಟ್ಟುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪಿನೊಳಗೆ ಅರ್ಧ ಕಸ ಕಟ್ಟಿಕೊಂಡಿದ್ದರೂ ಜೆಟ್ಟುಗಳೆಲ್ಲ ಬಂದ್ ಇರುವಾಗ ಗೇಜು ಪೂರ್ತಿ ಒತ್ತಡವನ್ನೇ ತೋರಿಸುತ್ತದೆ. ಜೆಟ್ ತಿರುಗಿಸಿದಾಗ ಮಾತ್ರ ಒತ್ತಡ ಕುಸಿಯುತ್ತದೆ. ವಿದ್ಯುತ್ತಿನಲ್ಲೂ ಹಾಗೆಯೇ. ಹತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ತಂತಿ ಮಲ್ಟಿಮೀಟರಿನಲ್ಲಿ “ಬೀಪ್” ಎಂದು ಒಳ್ಳೆಯ ತಂತಿಯಂತೆಯೇ ಹೇಳುತ್ತದೆ, ಏಕೆಂದರೆ ಮೀಟರು ಹರಿಸುವುದು ಬಹಳ ಸಣ್ಣ ವಿದ್ಯುತ್ತು. ಲೆಕ್ಕ ನೋಡಿ: ಒಂದು ಜೋಡಣೆಯಲ್ಲಿ 0.05 ಓಮ್ ಅಡ್ಡಿಯಿದೆ ಎನ್ನಿ. ಸಾಧಾರಣ ಮೀಟರಿಗೆ ಇದು ಲೆಕ್ಕಕ್ಕೇ ಬಾರದು. ಆದರೆ 20 ಆಂಪಿಯರ್ ಹರಿದರೆ ಅಲ್ಲಿಯೇ 1 ವೋಲ್ಟ್ ನಷ್ಟ. ಸೆಲ್ಫಿಗೆ ಬೇಕಾದ 150 ಆಂಪಿಯರ್ ಹರಿಯಬೇಕಾದರೆ ಅಲ್ಲಿಯೇ 7.5 ವೋಲ್ಟ್ ನಷ್ಟವಾಗಬೇಕು, ಅಂದರೆ ಸೆಲ್ಫ್ ಎತ್ತುವುದೇ ಇಲ್ಲ. ಆದುದರಿಂದ ವಾಹನದ ತಂತಿಗಳನ್ನು ಕೆಲಸ ಮಾಡುತ್ತಿರುವಾಗಲೇ, ಹೊರೆ ಕೊಟ್ಟೇ ಪರೀಕ್ಷಿಸಬೇಕು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ವಿದ್ಯುತ್ತೋ, ಡೀಸೆಲ್ಲೋ?

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಬೇಡ. ಹಳೆಯ ಮಾದರಿಯ ಎಂಜಿನ್ನು ಒಮ್ಮೆ ಹೊರಟರೆ ಬ್ಯಾಟರಿ ಇಲ್ಲದೆಯೂ ಓಡುತ್ತದೆ. ಅದನ್ನು ನಿಲ್ಲಿಸಲು ಎಳೆಯುವ ತಂತಿಯಿತ್ತು. ಅಂತಹ ವಾಹನ ದಾರಿಯಲ್ಲಿ ನಿಂತರೆ ಫಿಲ್ಟರಿನ ನೀರು, ಪೈಪಿನಲ್ಲಿ ಸೇರಿದ ಗಾಳಿ, ಟ್ಯಾಂಕಿನ ಕಸ ಇವನ್ನೇ ಮೊದಲು ನೋಡಬೇಕು. ಅನಂತರ ಬಂದವುಗಳಲ್ಲಿ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಅದಕ್ಕೆ ವಿದ್ಯುತ್ತು ತಪ್ಪಿದರೆ ಡೀಸೆಲ್ ಬಂದ್ ಆಗುತ್ತದೆ. ಕಾಮನ್ ರೈಲ್ ವಾಹನಗಳಲ್ಲಿ ಡೀಸೆಲ್ ಸಿಂಪಡಿಸುವ ಕಾಲವನ್ನೇ ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ ನಿರ್ಧರಿಸುತ್ತದೆ. ಅದಕ್ಕೆ ಕ್ಷಣಕಾಲ ವೋಲ್ಟೇಜ್ ಕುಸಿದರೂ ಎಂಜಿನ್ ನಿಲ್ಲುತ್ತದೆ.

ವ್ಯತ್ಯಾಸ ತಿಳಿಯಲು ಒಂದು ಸುಲಭ ಗುರುತು ಇದೆ. ಕೀ ತಿರುಗಿಸಿ ಆರಿಸಿದಂತೆ ಎಂಜಿನ್ ಒಮ್ಮೆಗೇ ಸತ್ತರೆ ವಿದ್ಯುತ್ತಿನ ದೋಷವಿರುವ ಸಂಭವ ಹೆಚ್ಚು. ಕೆಮ್ಮಿ, ಜಗ್ಗಿ, ಶಕ್ತಿ ಕಳೆದುಕೊಂಡು ನಿಂತರೆ ಡೀಸೆಲ್ ಕಡೆ ನೋಡಿರಿ. ಸೊಲೆನಾಯ್ಡ್ ಇರುವ ಎಂಜಿನ್ನಿನಲ್ಲಿ ಇನ್ನೊಬ್ಬರು ಕೀ ಹಾಕುವಾಗ ಪಂಪಿನ ಬಳಿ ಕಿವಿಗೊಟ್ಟರೆ “ಟಿಕ್” ಎಂಬ ಸದ್ದು ಕೇಳಬೇಕು.

ಒಂದು ಪುಸ್ತಕ ಇಡಿರಿ

ಮಳೆ ಲೆಕ್ಕ ಬರೆಯುವವರು ಇದನ್ನೂ ಬರೆಯಬಹುದು. ವಾಹನದಲ್ಲಿ ಒಂದು ಸಣ್ಣ ಪುಸ್ತಕ ಇಟ್ಟು, ಪ್ರತಿ ಸಲ ಕೈಕೊಟ್ಟಾಗ ಈ ಸಂಗತಿಗಳನ್ನು ಬರೆದಿಡಿರಿ:

1. ಹೊತ್ತು ಎಷ್ಟು? ಎಂಜಿನ್ ಬಿಸಿಯಿತ್ತೋ, ತಣ್ಣಗಿತ್ತೋ?
2. ಮಳೆಯಿತ್ತೇ? ಹಿಂದಿನ ದಿನ ವಾಹನ ತೊಳೆದಿದ್ದಿರಾ?
3. ರಸ್ತೆ ಗುಂಡಿಯದೋ, ನುಣುಪೋ? ತಿರುವಿನಲ್ಲೋ, ಏರಿನಲ್ಲೋ?
4. ಆಗ ಹೆಡ್‌ಲೈಟ್, ವೈಪರ್, ಫ್ಯಾನ್ ಇವುಗಳಲ್ಲಿ ಯಾವುದು ನಡೆಯುತ್ತಿತ್ತು?
5. ಎಂಜಿನ್ನಿನ ಜೊತೆ ಬೇರೆ ಯಾವುದು ಸತ್ತಿತು? ಯಾವುದು ಬದುಕಿತ್ತು?
6. ಹೇಗೆ ಸರಿಹೋಯಿತು? ತಾನಾಗಿಯೋ, ತಣಿದ ಮೇಲೋ, ಬಾಗಿಲು ಬಡಿದಾಗಲೋ?

ಐದನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅಡಿಕೆ ತೋಟದಲ್ಲಿ ಒಂದು ಮರ ಮಾತ್ರ ಬಾಡಿದ್ದರೆ ಆ ಮರದ ಬುಡದ ಡ್ರಿಪ್ಪರ್ ನೋಡುತ್ತೇವೆ. ಒಂದು ಸಾಲಿಗೆ ಸಾಲೇ ಬಾಡಿದ್ದರೆ ಸಾಲಿನ ವಾಲ್ವ್ ನೋಡುತ್ತೇವೆ. ಇಡೀ ತೋಟ ಬಾಡಿದ್ದರೆ ಪಂಪಿನ ಬಳಿಗೇ ಹೋಗುತ್ತೇವೆ. ಇಲ್ಲೂ ಅದೇ ರೀತಿ:

— ಎಂಜಿನ್ ಮಾತ್ರ ಸತ್ತು, ಹಾರನ್, ಹೆಡ್‌ಲೈಟ್, ಡ್ಯಾಶ್ ದೀಪ ಬದುಕಿದ್ದರೆ: ಸೊಲೆನಾಯ್ಡಿನ ಅಥವಾ ಇಸಿಯುವಿನ ಫ್ಯೂಸು, ರಿಲೇ, ಕಪ್ಲರ್ ನೋಡಿರಿ.

— ಕೀ ಹಾಕಿದಾಗ ಬರಬೇಕಾದದ್ದೆಲ್ಲ ಸತ್ತು, ಹಾರನ್, ಪಾರ್ಕಿಂಗ್ ದೀಪದಂತೆ ಕೀ ಇಲ್ಲದೆ ನಡೆಯುವವು ಬದುಕಿದ್ದರೆ: ಇಗ್ನಿಷನ್ ಸ್ವಿಚ್ ಅಥವಾ ಅದರ ಹಿಂದಿನ ಕಪ್ಲರ್. ಭಾರಿ ಕೀ ಗೊಂಚಲು ನೇತಾಡಿಸುವವರ ವಾಹನದಲ್ಲಿ ಸ್ವಿಚ್ ಬೇಗ ಸಡಿಲವಾಗುತ್ತದೆ. ಯಾವುದು ಕೀ ಇಲ್ಲದೆ ನಡೆಯುತ್ತದೆಂಬುದನ್ನು ವಾಹನ ಸರಿಯಿದ್ದಾಗಲೇ ನೋಡಿಟ್ಟುಕೊಳ್ಳಿರಿ.

— ಎಲ್ಲವೂ ಒಟ್ಟಿಗೆ ಸತ್ತರೆ: ಬ್ಯಾಟರಿ ತುದಿಗಳು, ಮುಖ್ಯ ಫ್ಯೂಸು, ಅರ್ತ್ ಪಟ್ಟಿಗಳು.

— ಎಲ್ಲವೂ ನಡೆಯುತ್ತಿದ್ದು ಬೆಳಿಗ್ಗೆ ಸೆಲ್ಫ್ ಮಾತ್ರ ಎತ್ತದಿದ್ದರೆ: ಬ್ಯಾಟರಿಯ ಶಕ್ತಿ, ರಾತ್ರಿ ಸೋರುವ ವಿದ್ಯುತ್ತು, ಸೆಲ್ಫಿನ ದಪ್ಪ ಕೇಬಲ್.

ಬೇಕಾಗುವ ಉಪಕರಣಗಳು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್; 12 ವೋಲ್ಟಿನ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪ್; 10 ನಂಬರ್, 12 ನಂಬರ್, 13 ನಂಬರ್ ಪಾನಾಗಳು; ಉಪ್ಪುಕಾಗದ; ತಂತಿಯ ಬ್ರಷ್; ವ್ಯಾಸಲೀನ್; ಬಿಡಿ ಫ್ಯೂಸುಗಳು. ಇಷ್ಟು ಸಾಕು. ಇಸಿಯು ಇರುವ ವಾಹನದಲ್ಲಿ ಟೆಸ್ಟ್ ಲ್ಯಾಂಪನ್ನು ಫ್ಯೂಸು ಮತ್ತು ದೀಪಗಳ ತಂತಿಗಷ್ಟೇ ಉಪಯೋಗಿಸಿ. ಸೆನ್ಸರ್ ತಂತಿಗಳಿಗೆ ಅದನ್ನು ಮುಟ್ಟಿಸಬಾರದು.

ಪರೀಕ್ಷೆಯ ಕ್ರಮ

ಒಂದು: ಬ್ಯಾಟರಿ. ರಾತ್ರಿ ನಿಂತ ವಾಹನದ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್ ಆಗಿದೆ. 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಖಾಲಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ತುದಿಗಳಲ್ಲಿ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಇರಬೇಕು. ಹೀಗಿದ್ದರೆ ಬ್ಯಾಟರಿ, ಡೈನಮೋ ಎರಡನ್ನೂ ಸದ್ಯಕ್ಕೆ ನಿರಪರಾಧಿಗಳೆಂದು ಬಿಡಬಹುದು. ಈ ಒಂದು ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ನಮಗೆ ಎರಡು ದೊಡ್ಡ ಖರ್ಚು ಉಳಿಯುತ್ತಿತ್ತು.

ಎರಡು: ಬ್ಯಾಟರಿ ತುದಿಗಳು. ಕ್ಲಾಂಪನ್ನು ಕೈಯಿಂದ ತಿರುಗಿಸಿ ನೋಡಿರಿ, ಅಲ್ಲಾಡಕೂಡದು. ಹೊರಗೆ ಚೆನ್ನಾಗಿ ಕಂಡರೂ ಬಿಚ್ಚಿ ಒಳಮೈ ನೋಡಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬಿಳಿ ಹುಡಿ ಕೂತಿದ್ದರೆ ಬಿಸಿನೀರು, ಅಡುಗೆ ಸೋಡದಿಂದ ತೊಳೆದು, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿರಿ.

ಮೂರು: ಅರ್ತ್ ದಾರಿ. ಮೀಟರನ್ನು ಡಿ.ಸಿ. ವೋಲ್ಟಿಗಿಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ, ಕ್ಲಾಂಪಿಗಲ್ಲ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಹಿಡಿಯಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟಿನೊಳಗೆ ಇದ್ದರೆ ಒಳ್ಳೆಯದು, 0.5 ದಾಟಿದರೆ ದಾರಿ ಕೆಟ್ಟಿದೆ. ಅನಂತರ ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿ, ಎರಡನೆಯ ಮೊನೆಯನ್ನು ಕ್ಯಾಬಿನ್ನಿನ ಕಬ್ಬಿಣಕ್ಕೆ, ಚಾಸಿಗೆ ಹಿಡಿದು ನೋಡಿರಿ. ಇಲ್ಲಿ 0.1 ವೋಲ್ಟಿಗಿಂತ ಹೆಚ್ಚಿರಬಾರದು.

ನಾಲ್ಕು: ಪ್ಲಸ್ ದಾರಿ. ಇದೇ ರೀತಿ ಬ್ಯಾಟರಿಯ ಪ್ಲಸ್ ಕಂಬದಿಂದ ಫ್ಯೂಸು ಪೆಟ್ಟಿಗೆಗೆ, ಇಗ್ನಿಷನ್ ಸ್ವಿಚ್ಚಿನ ಒಳತಂತಿಗೆ, ಹೊರತಂತಿಗೆ, ಸೊಲೆನಾಯ್ಡಿಗೆ ಒಂದೊಂದಾಗಿ ಅಳೆಯುತ್ತ ಹೋಗಿರಿ. ವೋಲ್ಟೇಜ್ ನಷ್ಟ ಎಲ್ಲಿ ಒಮ್ಮೆಗೇ ಹೆಚ್ಚುತ್ತದೋ ದೋಷ ಆ ಎರಡು ಬಿಂದುಗಳ ನಡುವೆ ಇದೆ.

ಐದು: ಅಲುಗಾಡಿಸುವ ಪರೀಕ್ಷೆ. ಆಗೊಮ್ಮೆ ಈಗೊಮ್ಮೆ ಬರುವ ದೋಷವನ್ನು ಹಿಡಿಯುವುದು ಇದೇ. ಮೀಟರನ್ನು ಕಚ್ಚಿಸಿಟ್ಟು, ಹೆಡ್‌ಲೈಟ್ ಹಾಕಿ, ಒಣ ಮರದ ಕೋಲಿನಿಂದ ತಂತಿ ಕಟ್ಟನ್ನು ಗೇಣು ಗೇಣಾಗಿ ಒತ್ತಿ, ಎಳೆದು, ತಿರುಚಿ ನೋಡಿರಿ. ಕಪ್ಲರುಗಳನ್ನು, ರಿಲೇಗಳನ್ನು ಮೆಲ್ಲನೆ ತಟ್ಟಿರಿ. ಅಂಕಿ ಹಾರಿದ ಜಾಗವೇ ದೋಷದ ಜಾಗ. ಬಿಸಿಯಾದಾಗ ಮಾತ್ರ ಬರುವ ದೋಷವಾದರೆ ಅರ್ಧ ಗಂಟೆ ಓಡಿಸಿ ತಂದ ಕೂಡಲೇ ಈ ಪರೀಕ್ಷೆ ಮಾಡಬೇಕು.

ಆರು: ರಾತ್ರಿಯ ಸೋರಿಕೆ. ಎರಡು ಮೂರು ದಿನ ನಿಂತರೆ ಬ್ಯಾಟರಿ ಇಳಿಯುವುದಾದರೆ, ಎಲ್ಲ ಆರಿಸಿ, ಕೀ ತೆಗೆದು, ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರಿನ ಜಾಗದಲ್ಲಿಟ್ಟು ಸೇರಿಸಿರಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಲೇಬಾರದು, ಮೀಟರು ಸುಟ್ಟುಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟ ಮೇಲೆ 0.05 ಆಂಪಿಯರಿನ ಒಳಗೆ ಇರಬೇಕು. ಅರ್ಧ ಆಂಪಿಯರ್ ಸೋರುತ್ತಿದ್ದರೆ 75 ಆಂಪಿಯರ್–ಗಂಟೆಯ ಬ್ಯಾಟರಿ ಲೆಕ್ಕಕ್ಕೆ 150 ಗಂಟೆ ಬರಬೇಕು. ಸೆಲ್ಫ್ ಎತ್ತುವ ಶಕ್ತಿ ಅದಕ್ಕೂ ಬಹಳ ಮೊದಲೇ ಹೋಗುತ್ತದೆ. ಒಂದೊಂದೇ ಫ್ಯೂಸು ಕೀಳುತ್ತ ಹೋದರೆ ಯಾವುದನ್ನು ಕಿತ್ತಾಗ ಸೋರಿಕೆ ನಿಲ್ಲುತ್ತದೋ ಆ ಸಾಲಿನಲ್ಲಿ ದೋಷವಿದೆ. ಯಾವ ಫ್ಯೂಸು ಕಿತ್ತರೂ ನಿಲ್ಲದಿದ್ದರೆ ಡೈನಮೋವಿನ ಡಯೋಡು ನೋಡಿಸಬೇಕು.

ನಮ್ಮ ಪಿಕಪ್ಪಿನಲ್ಲಿ ಇದ್ದದ್ದೇನು?

ಈಗ ಬಾಗಲಕೋಟೆಗೆ ಮರಳೋಣ. ನಮ್ಮ ವಾಹನದಲ್ಲಿ ಬ್ಯಾಟರಿಯ ಮೈನಸ್ ಕೇಬಲ್ ಗೇರ್ ಬಾಕ್ಸಿಗೆ ಹೋಗಿ, ಅಲ್ಲಿಂದ ಒಂದು ಹೆಣೆದ ಪಟ್ಟಿ ಚಾಸಿಗೆ ಹೋಗುತ್ತದೆ. ಮಿಸ್ತ್ರಿ ಮೈನಸ್ ಕಂಬದಿಂದ ಗೇರ್ ಬಾಕ್ಸಿಗೆ ಅಳೆದಾಗ ನಷ್ಟ 0.02 ವೋಲ್ಟ್ ಮಾತ್ರ. ಹೆಡ್‌ಲೈಟ್ ಹಾಕಿ ಕ್ಯಾಬಿನ್ನಿಗೆ ಅಳೆದಾಗ 1.4 ವೋಲ್ಟ್. ಅಂದರೆ ದೋಷ ಆ ಪಟ್ಟಿಯಲ್ಲೇ. ವಾಹನದ ಕೆಳಗೆ ಮಲಗಿ ಪಟ್ಟಿಯ ತುದಿಯನ್ನು ಕೋಲಿನಿಂದ ಮೀಟಿದರು, 1.4 ಇದ್ದದ್ದು 6ಕ್ಕೆ ಹಾರಿತು, ಹೆಡ್‌ಲೈಟು ಬೀಡಿಯ ಕಿಡಿಯಂತಾಯಿತು. ಸೊಲೆನಾಯ್ಡಿಗೆ ವಿದ್ಯುತ್ತು ಕೊಡುವ ರಿಲೇಯ ಅರ್ತ್ ಕ್ಯಾಬಿನ್ನಿನ ಮೈಗೇ ಇದ್ದುದರಿಂದ ಪಟ್ಟಿ ಕೈಬಿಟ್ಟಾಗಲೆಲ್ಲ ರಿಲೇ ಬಿದ್ದು, ಡೀಸೆಲ್ ನಿಂತು, ಎಂಜಿನ್ ಸಾಯುತ್ತಿತ್ತು. ಸೆಲ್ಫಿನ ರಿಲೇಗೂ ಅದೇ ಗತಿ. ಚಾಸಿ ಸ್ವಲ್ಪ ತಿರುಚಿ ಕೂತರೆ ಪುನಃ ಸಂಪರ್ಕ.

ಬೋಲ್ಟ್ ಬಿಚ್ಚಿದಾಗ ಕಂಡದ್ದು ತುಕ್ಕು ಮಾತ್ರವಲ್ಲ, ಹಸಿರು–ನೀಲಿ ಕಿಲುಬು. “ಇದರಾಗ ಏನ್ ಹೇರ್ತೀರಿ ನೀವು?” ಎಂದು ಮಿಸ್ತ್ರಿ ಕೇಳಿದರು. ಆಗ ನಮಗೆ ಹೊಳೆಯಿತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮೈಲುತುತ್ತು ಕರಗಿಸಿದ ಡ್ರಮ್ಮನ್ನು ಹಿಂಬದಿಯ ಲೋಡ್ ಬಾಡಿಯಲ್ಲಿ ಮುಂದಕ್ಕೆ ಒತ್ತರಿಸಿ ಇಡುತ್ತಿದ್ದೆವು. ತುಳುಕಿದ ನೀರು ಹಲಗೆ ಸಂದಿನಿಂದ ನೇರ ಆ ಪಟ್ಟಿಯ ಮೇಲೆ ಜಿನುಗುತ್ತಿತ್ತು.

ಮೈಲುತುತ್ತು ಕಬ್ಬಿಣಕ್ಕೆ ಏನು ಮಾಡುತ್ತದೆಂಬುದು ನಮಗೆ ತಿಳಿಯದ ವಿಷಯವಲ್ಲ. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಳೆರೋಗದ ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಬಳಕೆಯನ್ನು ಬೆಳೆಗಾರರಿಗೆ ತೋರಿಸಿದ ಕಾಲದಿಂದ ಅಡಿಕೆ ಬೆಳೆಗಾರರ ಕೈಯಲ್ಲಿ ಅದು ಇದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ, ಉಜ್ಜಿದ ಚಾಕುವನ್ನು ಅದ್ದಿ ನೋಡುತ್ತೇವೆ. ಚಾಕುವಿನ ಮೇಲೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ತಾಮ್ರ ಬಂದು ಕೂತಷ್ಟು ಕಬ್ಬಿಣ ಕರಗಿ ಹೋಗಿದೆ ಎಂಬುದೂ ಅದೇ ಪರೀಕ್ಷೆಯ ಅರ್ಥ. ಚಾಕುವಿನ ಮೇಲೆ ನಿಮಿಷದಲ್ಲಿ ನಡೆಯುವುದು ಚಾಸಿಯ ಬೋಲ್ಟಿನ ಮೇಲೆ ಇಡೀ ಮಳೆಗಾಲ ನಡೆದಿತ್ತು. ತೋಟದ ರಸ್ತೆಯಲ್ಲಿ ಹಗಲು ಹೊತ್ತು, ದೀಪವಿಲ್ಲದೆ, ನಿಧಾನ ಹೋಗುವಾಗ ಅಷ್ಟಾಗಿ ಕಾಣದ ದೋಷ, ರಾತ್ರಿಯಿಡೀ ಹೆಡ್‌ಲೈಟ್ ಹಾಕಿ ಓಡಿದ ದಾರಿಯಲ್ಲಿ ಪ್ರಕಟವಾಯಿತು.

ಪಟ್ಟಿ ಬದಲಿಸಿ, ಚಾಸಿಯ ಮೈಯನ್ನು ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿದರು. ಜೊತೆಗೆ ಎಂಜಿನ್ನಿನಿಂದ ಕ್ಯಾಬಿನ್ನಿಗೆ ಇನ್ನೊಂದು ಅರ್ತ್ ಕೇಬಲ್ ಕೊಟ್ಟರು. ಪುನಃ ಅಳೆದಾಗ 0.04 ವೋಲ್ಟ್. ತಗುಲಿದ ಖರ್ಚು ಹೊಸ ಬ್ಯಾಟರಿಯ ಬೆಲೆಯ ಮುಂದೆ ಏನೇನೂ ಅಲ್ಲ. ಬಾದಾಮಿಗೆ ಹೋಗಿ, ಬಾಗಿಲು ಚೌಕಟ್ಟು ಹೇರಿಕೊಂಡು, ಎಲ್ಲೂ ನಿಲ್ಲದೆ ಊರು ಸೇರಿದೆವು.

ಮಲೆನಾಡಿನ ಇತರ ಶತ್ರುಗಳು

ಇಲಿ, ಹೆಗ್ಗಣಗಳು ಶೆಡ್ಡಿನಲ್ಲಿ ನಿಂತ ವಾಹನದ ತಂತಿಯ ಮೇಲಿನ ಹೊದಿಕೆಯನ್ನು ಕಡಿಯುತ್ತವೆ. ತಂತಿ ತುಂಡಾಗದೆ ಬತ್ತಲೆಯಾಗಿ, ಮಳೆ ಬಂದಾಗ ಮಾತ್ರ ಕೈಕೊಡುತ್ತದೆ. ಪೊಟ್ಯಾಷ್ ಗೊಬ್ಬರದ ಹುಡಿಯೂ ಉಪ್ಪಿನಂತೆ ಕಬ್ಬಿಣ ತಿನ್ನುತ್ತದೆ. ಕಪ್ಲರುಗಳಲ್ಲಿ ಮಳೆಗಾಲದ ತೇವ ನಿಂತು ಮೊನೆಗಳು ಹಸಿರಾಗುತ್ತವೆ. ಬಯಲುಸೀಮೆಯ ಎರೆಮಣ್ಣಿನ ಧೂಳು ಸೇರಿದರೆ ಅದು ಕಪ್ಲರಿನೊಳಗೆ ತೇವವನ್ನು ಹಿಡಿದಿಡುತ್ತದೆ. ಆದುದರಿಂದ ಗೊಬ್ಬರ, ಔಷಧಿ ಹೇರಿದ ದಿನವೇ ಲೋಡ್ ಬಾಡಿಯನ್ನೂ ಅದರ ಅಡಿಭಾಗವನ್ನೂ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಡ್ರಮ್ಮಿನ ಕೆಳಗೆ ಅಂಚಿರುವ ಪ್ಲಾಸ್ಟಿಕ್ ತಟ್ಟೆ ಇಡಿರಿ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಕೂಡಲೇ, ಎಲ್ಲ ಅರ್ತ್ ಬೋಲ್ಟುಗಳನ್ನು ಬಿಚ್ಚಿ ಉಜ್ಜಿ ಹಾಕಿಸಿರಿ.

ಮಾಡಬಾರದ ಕೆಲಸಗಳು

1. ಡೈನಮೋ ಪರೀಕ್ಷಿಸಲೆಂದು ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕೀಳುವ ಹಳೆಯ ಪದ್ಧತಿ ಬೇಡ. ವೋಲ್ಟೇಜ್ ಒಮ್ಮೆಗೇ ಏರಿ ಡಯೋಡು, ಇಸಿಯು ಸುಟ್ಟುಹೋಗಬಹುದು.

2. ಫ್ಯೂಸು ಹೋದ ಜಾಗಕ್ಕೆ ತಂತಿ ಸುತ್ತುವುದು, ಹೆಚ್ಚು ಆಂಪಿಯರಿನ ಫ್ಯೂಸು ಹಾಕುವುದು ಬೇಡ. ಫ್ಯೂಸಿನ ಬದಲು ವೈರಿಂಗ್ ಸುಡುತ್ತದೆ. ಗೋಣಿ, ಹುಲ್ಲು ಹೇರಿದ ವಾಹನಕ್ಕೆ ಬೆಂಕಿಯಾಗುತ್ತದೆ.

3. ಬ್ಯಾಟರಿ ಕೇಬಲ್ ಬಿಚ್ಚದೆ ವೆಲ್ಡಿಂಗ್ ಮಾಡಿಸಬೇಡಿರಿ.

4. ಇಸಿಯು ವಾಹನವನ್ನು ಸ್ಕ್ಯಾನರಿಗೆ ಹಾಕಿದಾಗ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳು ಒಟ್ಟಿಗೆ ಬಂದರೆ ಸೆನ್ಸರುಗಳನ್ನು ಕೊಳ್ಳಲು ಹೊರಡಬೇಡಿರಿ. ಮೊದಲು ಬ್ಯಾಟರಿ, ಅರ್ತ್, ಮುಖ್ಯ ರಿಲೇ ಪರೀಕ್ಷಿಸಲು ಹೇಳಿರಿ.

5. ಅಳತೆ ಮಾಡದೆ “ಇದನ್ನು ಬದಲಿಸಿ ನೋಡೋಣ” ಎನ್ನುವ ಮಾತಿಗೆ ಒಪ್ಪಬೇಡಿರಿ. ಎಷ್ಟು ವೋಲ್ಟ್ ಬಂತೆಂದು ಕೇಳಿ, ಪುಸ್ತಕದಲ್ಲಿ ಬರೆದುಕೊಳ್ಳಿರಿ.

ಘಟ್ಟದಲ್ಲಿ ಎಂಜಿನ್ ಸತ್ತರೆ

ಇದನ್ನು ಮನೆಯಲ್ಲಿ ವಾಹನ ನಡೆಸುವ ಎಲ್ಲರಿಗೂ ಹೇಳಿಡುವುದು ಒಳಿತು. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಎಂಜಿನ್ನಿನಿಂದಲೇ ಬರುವುದು. ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಬಲ ಮಾತ್ರ ಉಳಿದಿರುತ್ತದೆ. ಮತ್ತೆ ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗೂ ಭಾರವಾಗುತ್ತದೆ. ಆದುದರಿಂದ ಬ್ರೇಕನ್ನು ಪದೇ ಪದೇ ಒತ್ತಿ ಬಿಡಬಾರದು. ಒಮ್ಮೆ ಗಟ್ಟಿಯಾಗಿ ಒತ್ತಿ, ಹಿಡಿದು, ಅಂಚಿಗೆ ತಂದು ನಿಲ್ಲಿಸಿರಿ. ಪೆಡಲ್ ಗಟ್ಟಿಯಾದರೂ ಇನ್ನೂ ಬಲವಾಗಿ ತುಳಿದರೆ ಬ್ರೇಕ್ ಹಿಡಿಯುತ್ತದೆ. ಗೇರಿನಲ್ಲೇ ಇಡಿರಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿರಿ. ಕೀಯನ್ನು ಪೂರ್ತಿ ತೆಗೆಯಬೇಡಿರಿ. ಸ್ಟಿಯರಿಂಗ್ ಲಾಕ್ ಆದೀತು. ಒಮ್ಮೆ ಹೀಗೆ ನಿಂತ ವಾಹನದಲ್ಲಿ ದೋಷ ಸಿಗುವವರೆಗೆ ಹೊರೆ ಹೇರಿ ಘಟ್ಟ ಇಳಿಯಬಾರದು. ತಾನಾಗಿ ಸರಿಹೋದ ದೋಷ ವಾಸ್ತವವಾಗಿ ಸರಿಹೋಗಿರುವುದಿಲ್ಲ.

ಮುಂದಿನ ಕೊಯ್ಲಿಗೆ ಮೊದಲು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ಮೀಟರ್ ಹಿಡಿದು ಮೇಲಿನ ಮೊದಲ ಮೂರು ಪರೀಕ್ಷೆಗಳನ್ನು ಮಾಡಿ, ಬಂದ ಅಂಕಿಗಳನ್ನು ಬರೆದಿಡಿರಿ. ವಾಹನ ಆರೋಗ್ಯವಾಗಿದ್ದಾಗ ಬರೆದ ಅಂಕಿಗಳಿದ್ದರೆ ಅದು ಕೆಟ್ಟಾಗ ಹೋಲಿಸಿ ನೋಡಲು ಅನುಕೂಲ. ಅರ್ಧ ಗಂಟೆಯ ಈ ಕೆಲಸದಿಂದ ಹಣ್ಣು ತುಂಬಿದ ಗಾಡಿ ದಾರಿಯಲ್ಲಿ ನಿಲ್ಲುವುದು ತಪ್ಪೀತು. ನಮ್ಮನ್ನು ನಂಬಿ ದೂರದ ಊರಿಂದ ಬಂದವರ ಸಾಮಾನು ಹೊತ್ತಿಗೆ ಸರಿಯಾಗಿ ಅವರ ಮನೆ ಸೇರೀತು.